ಕಚೇರಿಯ ಕಿರುಸಂದೇಶ: ಸಂವಾದವೋ, ಹಾಜರಿಯೋ?

2008ರಲ್ಲಿ ಅಮೆರಿಕದಲ್ಲಿ ಆರಂಭವಾದ ಯಾಮರ್, ಟ್ವಿಟರ್‌ನ ಮಾದರಿಯನ್ನು ಕಚೇರಿಯೊಳಕ್ಕೆ ತಂದಿತು. ‘ಏನು ಮಾಡುತ್ತಿದ್ದೀರಿ?’ ಎಂಬ ಟ್ವಿಟರ್‌ನ ಅಂದಿನ ಪ್ರಶ್ನೆ ಇಲ್ಲಿ ‘ಯಾವ ಕೆಲಸದಲ್ಲಿ ತೊಡಗಿದ್ದೀರಿ?’ ಎಂದಾಯಿತು. 2012ರಲ್ಲಿ ಮೈಕ್ರೋಸಾಫ್ಟ್ ಅದನ್ನು 120 ಕೋಟಿ ಡಾಲರ್‌ಗೆ ಕೊಂಡಿತು. 2023ರಲ್ಲಿ ಅದಕ್ಕೆ ವಿವಾ ಎಂಗೇಜ್ ಎಂದು ಮರುನಾಮಕರಣ ಮಾಡಿತು.

ಇ-ಮೇಲ್ ವಿಳಾಸದಾರರಿಗಷ್ಟೇ ತಲುಪುತ್ತದೆ. ಕಿರುಸಂದೇಶವನ್ನು ಸಂಸ್ಥೆಯ ಎಲ್ಲರೂ ಓದಬಲ್ಲರು. ಒಬ್ಬರ ಸಂದೇಹಕ್ಕೆ ಬೇರೊಂದು ವಿಭಾಗದ ಅಪರಿಚಿತರು ಉತ್ತರಿಸಬಹುದೆಂಬುದೇ ಇದರ ನಿಜವಾದ ಪ್ರಯೋಜನ. ಆದರೆ ಮೇಲಧಿಕಾರಿಗಳು ಇದನ್ನು ಹಾಜರಿ ಪುಸ್ತಕವೆಂದು ಬಗೆದರೆ, ನೌಕರರು ತಿಳಿಯದ್ದನ್ನು ಕೇಳಲು ಅಂಜುತ್ತಾರೆ. ಮುಗಿಸಿದ್ದನ್ನಷ್ಟೇ ವರದಿ ಮಾಡುತ್ತಾರೆ.

ಆದ್ದರಿಂದ ಈ ವ್ಯವಸ್ಥೆಯನ್ನು ತರುವ ಸಂಸ್ಥೆಗಳು ಎರಡು ನಿಯಮಗಳನ್ನು ಪಾಲಿಸಬೇಕೆಂಬುದು ನನ್ನ ಅಭಿಪ್ರಾಯ. ತಮಗೆ ತಿಳಿಯದ್ದನ್ನು ಮುಖ್ಯಸ್ಥರೇ ಮೊದಲು ಕೇಳಲಿ. ಸಂದೇಶಗಳ ಸಂಖ್ಯೆ ಬಡ್ತಿಯ ಅಳತೆಗೋಲಾಗದಿರಲಿ.