ಕಲ್ನಾರು ಧೂಳಿನಿಂದ ರೋಗಪೀಡಿತರಾದ ಕಾರ್ಮಿಕರ ಪರಿಹಾರ ಹಕ್ಕಿನ ಕುರಿತು ಮನವಿ ಪತ್ರ

ಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ,
ವಿಕಾಸ ಸೌಧ, ಬೆಂಗಳೂರು.

ಇಂದ,
ಕಲ್ನಾರು ಸಿಮೆಂಟ್ ಶೀಟು ತಯಾರಿಕೆ, ಬಾಯ್ಲರ್ ಲ್ಯಾಗಿಂಗ್ ಹಾಗೂ ಹಳೆ ಕಟ್ಟಡ ಕೆಡವುವ ಕೆಲಸ ಮಾಡಿದ ಕಾರ್ಮಿಕರು ಮತ್ತು ಅವರ ಕುಟುಂಬದವರು.

ವಿಷಯ: ಕಲ್ನಾರು ಕಾಯಿಲೆಗಳ ಪರಿಹಾರ ಅರ್ಜಿಗೆ ಇರುವ ಎರಡು ವರ್ಷದ ಮಿತಿ, ಆರೋಗ್ಯ ದಾಖಲೆ ಮತ್ತು ರೋಗ ಪ್ರಮಾಣೀಕರಣ.

ಮಾನ್ಯರೇ,

ಕಲ್ನಾರು ಧೂಳು ಎದೆಗೆ ಹೊಕ್ಕ ದಿನವೇ ಕಾಯಿಲೆ ಕಾಣುವುದಿಲ್ಲ. ಆಸ್ಬೆಸ್ಟೋಸಿಸ್ ಹೊರಬೀಳಲು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಮೂವತ್ತು, ನಲವತ್ತು ವರ್ಷ ಕಳೆದ ಮೇಲೂ ಬರುತ್ತದೆ. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ, ಕಾರ್ಖಾನೆ ಕೈಬದಲಾಗಿರುತ್ತದೆ, ಕೆಲಸಕ್ಕೆ ಸೇರಿಸಿದ ಮೇಸ್ತ್ರಿಯ ಪತ್ತೆಯೇ ಇರುವುದಿಲ್ಲ. ಪರಿಹಾರದ ಕಾನೂನು ಮಾತ್ರ ಎರಡು ವರ್ಷದ ಲೆಕ್ಕ ಹಿಡಿದು ಕೂತಿದೆ. ರೋಗ ಇಂಥದ್ದೆಂದು ವೈದ್ಯರು ಬರೆದುಕೊಟ್ಟ ದಿನದಿಂದ ಈ ಅವಧಿಯನ್ನು ಎಣಿಸಬೇಕು ಎಂಬುದೇ ನಮ್ಮ ಮುಖ್ಯ ಬೇಡಿಕೆ.

ನಾವು ಮಾಡಿದ ಕೆಲಸ ಎಂಥದ್ದೆಂದು ತಮ್ಮ ಗಮನಕ್ಕೆ ತರಬೇಕು. ಶೀಟು ಕಾರ್ಖಾನೆಯಲ್ಲಿ ನಾರಿನ ಚೀಲಗಳನ್ನು ಚಾಕುವಿನಿಂದ ಸೀಳಿ, ಕೈಯಿಂದಲೇ ಕೊಡವಿ ಮಿಕ್ಸರಿಗೆ ಸುರಿಯುತ್ತಿದ್ದೆವು. ಒಂದು ಹಿಡಿ ನಾರೂ ಪೋಲಾಗಬಾರದೆಂದು ಖಾಲಿ ಚೀಲವನ್ನು ಕಂಬಕ್ಕೆ ಬಡಿಯುತ್ತಿದ್ದೆವು. ಮೂಗಿಗೆ ಕಟ್ಟಿಕೊಳ್ಳಲು ಮನೆಯಿಂದ ತಂದ ಟವೆಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ರೆಪ್ಪೆಯ ಮೇಲೆ, ಕಿವಿಯ ಸಂದಿನಲ್ಲಿ, ಅಂಗಿಯ ಮಡಿಕೆಗಳಲ್ಲಿ ಬಿಳಿ ಹುಡಿ ಕೂತಿರುತ್ತಿತ್ತು. ಆ ಅಂಗಿಯನ್ನು ಒಗೆಯುವ ಮುನ್ನ ಕೊಡವಿದವರು ನಮ್ಮ ಮನೆಯ ಹೆಂಗಸರು. ಖಾಲಿ ಚೀಲಗಳು ಮನೆಗೆ ಬಂದು ಮಕ್ಕಳ ಹಾಸಿಗೆಯಾದವು, ಬಚ್ಚಲಿಗೆ ಮರೆಯಾದವು. ಕಾರ್ಖಾನೆಯ ಗೇಟು ದಾಟದ ಹೆಣ್ಣುಮಕ್ಕಳಿಗೂ ಈ ಧೂಳು ತಗಲಿದೆ. ಆದರೆ ನೌಕರರಲ್ಲದ ಅವರಿಗೆ ಪರಿಹಾರ ಕಾನೂನಿನಲ್ಲಿ ಜಾಗವೇ ಇಲ್ಲ.

ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿ, ಒಣಕೆಮ್ಮು ಬಿಡದೆ ಆಸ್ಪತ್ರೆಗೆ ಹೋದರೆ ನಮ್ಮಲ್ಲಿ ಹಲವರಿಗೆ ಮೊದಲು ಕೊಟ್ಟದ್ದು ಕ್ಷಯದ ಮಾತ್ರೆ. ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಆಸ್ಬೆಸ್ಟೋಸಿಸ್ ಕಂಡರೆ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ವರದಿ ಕೊಡಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಂ ವಿಧಿಸಿತ್ತು. ರೋಗವನ್ನೇ ಗುರುತಿಸದಿದ್ದರೆ ವರದಿ ಎಲ್ಲಿಂದ ಬರಬೇಕು? ವರದಿ ಇಲ್ಲವೆಂಬುದನ್ನೇ ಹಿಡಿದು ರಾಜ್ಯದಲ್ಲಿ ಈ ರೋಗವೇ ಇಲ್ಲವೆಂದು ಇಲಾಖೆ ತೀರ್ಮಾನಿಸಬಾರದು. ಧೂಳಿನ ರೋಗ ಈ ನೆಲಕ್ಕೆ ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ 1930ರ ದಶಕದಲ್ಲೇ ದಾಖಲಾಗಿತ್ತು.

ಸುಪ್ರೀಂ ಕೋರ್ಟು 1995ರ ಜನವರಿ 27ರಂದು ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ಪ್ರಕರಣದಲ್ಲಿ ಕೊಟ್ಟ ತೀರ್ಪು ನಮ್ಮಂಥವರಿಗಾಗಿಯೇ ಬಂದದ್ದು. ಕಾರ್ಮಿಕನ ಆರೋಗ್ಯವೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಸೇರಿದೆ ಎಂದು ಅದು ಸಾರಿತು. ಪ್ರತಿ ಕಲ್ನಾರು ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ರೋಗ ದೃಢಪಟ್ಟವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆದೇಶ ಇಷ್ಟು ಸ್ಪಷ್ಟವಾಗಿದೆ. ಆದರೂ ನಮ್ಮಲ್ಲಿ ಒಬ್ಬರ ಕೈಗೂ ತಮ್ಮ ಆರೋಗ್ಯ ದಾಖಲೆಯ ಪ್ರತಿ ಬಂದಿಲ್ಲ. ಗುತ್ತಿಗೆಯಲ್ಲಿ ದುಡಿದವರಿಗೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ.

ಇನ್ನು ಎರಡು ವರ್ಷದ ಮಾತು. 1923ರ ಪರಿಹಾರ ಕಾಯ್ದೆ ಆಸ್ಬೆಸ್ಟೋಸಿಸನ್ನು ಔದ್ಯೋಗಿಕ ರೋಗವೆಂದು ಒಪ್ಪಿತ್ತು. ಹಲವು ಮಾಲೀಕರ ಬಳಿ ದುಡಿದಿದ್ದರೆ ಎಲ್ಲರೂ ಪರಿಹಾರದಲ್ಲಿ ಪಾಲು ಹೊರಬೇಕೆಂದೂ ಹೇಳಿತ್ತು. ಆದರೆ 10ನೇ ಕಲಮಿನ ಪ್ರಕಾರ ಕೆಲಸ ಬಿಟ್ಟವನಿಗೆ ರೋಗಲಕ್ಷಣ ಎರಡು ವರ್ಷದೊಳಗೆ ಕಾಣಿಸಿಕೊಳ್ಳಬೇಕಿತ್ತು. ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಎರಡು ವರ್ಷದ ಮಿತಿಯನ್ನೇ ಮುಂದುವರಿಸಿದೆ. ಇಪ್ಪತ್ತು ವರ್ಷಕ್ಕೆ ಬರುವ ರೋಗಕ್ಕೆ ಎರಡು ವರ್ಷದ ಗಡುವು ಹಾಕಿದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದಂತೆ. ಸಕಾರಣವಿದ್ದರೆ ತಡವಾದ ಅರ್ಜಿಯನ್ನೂ ಸ್ವೀಕರಿಸಬಹುದೆಂಬ ಅವಕಾಶ ಇದೆ ನಿಜ. ಆದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮಲಗಿದವರು ವಿವೇಚನೆಯ ಹಿಂದೆ ಅಲೆಯಲಾರರು.

ಬ್ರಿಟನ್ನಿನಲ್ಲಿಯೂ ಇದೇ ಆಗಿತ್ತು. ಧೂಳಿನಿಂದ ಶ್ವಾಸಕೋಶ ಕೆಟ್ಟ ಉಕ್ಕು ಕಾರ್ಮಿಕರ ದಾವೆಯನ್ನು, ರೋಗ ಅವರಿಗೆ ತಿಳಿಯುವ ಮೊದಲೇ ಅವಧಿ ಮುಗಿದಿತ್ತೆಂದು 1963ರಲ್ಲಿ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. ಇದು ಅನ್ಯಾಯವೆಂದು ಅದೇ ವರ್ಷ ಅಲ್ಲಿನ ಸಂಸತ್ತು ಕಾನೂನನ್ನೇ ತಿದ್ದಿತು. ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಪತ್ತೆಯಾಗದ ಮೆಸೊಥೆಲಿಯೋಮಾ ರೋಗಿಗಳಿಗೆಂದು 2014ರಲ್ಲಿ ಬೇರೆಯೇ ಯೋಜನೆ ತಂದಿತು. ಅಷ್ಟು ದೂರವೂ ಹೋಗಬೇಕಿಲ್ಲ. ರಾಜಸ್ಥಾನ ಸರ್ಕಾರ 2019ರ ನ್ಯುಮೋಕೋನಿಯೋಸಿಸ್ ನೀತಿಯಲ್ಲಿ ರೋಗ ಪ್ರಮಾಣೀಕರಿಸಿದ ಕೂಡಲೇ 3 ಲಕ್ಷ, ರೋಗಿ ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ನಿಗದಿಪಡಿಸಿತು.

ಆದಕಾರಣ ನಾವು ಕೇಳುವುದು:

ಔದ್ಯೋಗಿಕ ರೋಗಗಳಿಗೆ ಎರಡು ವರ್ಷದ ಅವಧಿಯನ್ನು ರೋಗ ಪ್ರಮಾಣೀಕರಿಸಿದ ದಿನದಿಂದ ಎಣಿಸುವಂತೆ ಸಂಹಿತೆಗೆ ತಿದ್ದುಪಡಿ ತರಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಬೇಕು. ತಿದ್ದುಪಡಿ ಬರುವವರೆಗೆ ಕಲ್ನಾರು ಪ್ರಕರಣಗಳಲ್ಲಿ ವಿಳಂಬಕ್ಕೆ ರೋಗದ ಸ್ವಭಾವವೇ ಸಕಾರಣವೆಂದು ಇಲಾಖೆ ಲಿಖಿತ ನಿಲುವು ತಳೆಯಬೇಕು.

1995ರ ತೀರ್ಪಿನಂತೆ ಪ್ರತಿ ಕಾರ್ಖಾನೆಯ ಆರೋಗ್ಯ ದಾಖಲೆಗಳನ್ನು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ತರಿಸಿಕೊಂಡು, ಕಾರ್ಮಿಕನಿಗೆ ಅಥವಾ ವಾರಸುದಾರರಿಗೆ ಪ್ರತಿ ಕೊಡಬೇಕು. ದಾಖಲೆ ಇಡದ ಮಾಲೀಕ ಕಾರ್ಮಿಕನಿಂದಲೇ ಸಾಕ್ಷ್ಯ ಕೇಳುವಂತಾಗಬಾರದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಪಿಎಫ್ ಚೀಟಿ, ಇಎಸ್‌ಐ ಕಾರ್ಡು, ಜೊತೆಗಾರರ ಪ್ರಮಾಣಪತ್ರ ಸಾಕಾಗಬೇಕು.

ದೇವನಹಳ್ಳಿ ಬಳಿಯ ಕನ್ನಮಂಗಲದಲ್ಲಿ ಐಸಿಎಂಆರ್‌ನ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವೇ ಇದೆ. ಅದರ ನೆರವಿನಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರಮಾಣೀಕರಣ ಮಂಡಳಿ ರಚಿಸಬೇಕು. ನಾರು ಸುರಿದವರ ಮನೆಯ ಹೆಂಗಸರಿಗೂ ಅಲ್ಲಿ ತಪಾಸಣೆ ಉಚಿತವಾಗಿ ಸಿಗಬೇಕು.

ರಾಜಸ್ಥಾನದ ಮಾದರಿಯ ಪರಿಹಾರ ನಿಧಿಯನ್ನು ಇಲ್ಲಿಯೂ ಸ್ಥಾಪಿಸಿ, ಮಾಲೀಕರು ಪತ್ತೆಯಾಗದವರನ್ನು ಮತ್ತು ಮನೆಯಲ್ಲಿ ಧೂಳು ತಗಲಿದವರನ್ನು ಅದರಡಿ ತರಬೇಕು. ಒಣ ಶೀಟನ್ನು ಗ್ರೈಂಡರಿನಿಂದ ಕೊಯ್ಯುವುದನ್ನು ಕಟ್ಟಡ ಕೆಲಸಗಳಲ್ಲಿ ಕೂಡಲೇ ನಿಲ್ಲಿಸಬೇಕು. ಕಲಬುರಗಿ, ರಾಯಚೂರು, ಕೊಪ್ಪಳದಿಂದ ಬೆಂಗಳೂರಿಗೆ ದುಡಿಯಲು ಬಂದ ಹುಡುಗರು ಇಂದಿಗೂ ಈ ಕೆಲಸದಲ್ಲಿದ್ದಾರೆ.

ಈ ವಿಷಯಗಳ ಬಗ್ಗೆ ನಮ್ಮ ಪ್ರತಿನಿಧಿಗಳೊಂದಿಗೆ ಒಂದು ತಿಂಗಳೊಳಗೆ ಸಭೆ ಕರೆದು, ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ನಡೆದಾಡಲಾಗದವರ ಹೇಳಿಕೆಯನ್ನು ಅಧಿಕಾರಿಗಳು ಅವರ ಮನೆಗೇ ಬಂದು ದಾಖಲಿಸಿಕೊಳ್ಳಬೇಕೆಂದು ವಿನಂತಿ.

ಇಂತಿ,
ಅರ್ಜಿದಾರ ಕಾರ್ಮಿಕರು ಮತ್ತು ಮೃತರ ವಾರಸುದಾರರು

ಲಗತ್ತು: ಎಕ್ಸ್‌ರೇ ವರದಿಗಳು, ವೇತನ ಚೀಟಿಗಳು ಮತ್ತು ಮರಣ ಪ್ರಮಾಣಪತ್ರಗಳ ಪ್ರತಿಗಳು.