ವಿಶ್ವಕಪ್ ಬಂತು, ಆಟದ ಪೀರಿಯಡ್ ಎಲ್ಲಿಗೆ ಹೋಯಿತು?

2025ರ ನವೆಂಬರ್ 2, ಭಾನುವಾರ. ಬೆಳಗ್ಗಿನ ಕಾಫಿ ಮುಗಿಸಿ ಅಂಗಳಕ್ಕೆ ಇಳಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕೆನಡಾದ ಟೊರೊಂಟೊ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆ. ಅಲ್ಲಿ ಆಗ ನಡುರಾತ್ರಿ ಕಳೆದಿತ್ತು. ಧ್ವನಿ ಕುಗ್ಗಿತ್ತು. ಗಾಬರಿಯಿಂದ ಏನಾಯಿತೆಂದು ವಿಚಾರಿಸಿದರೆ, "ಸರ್, ನಾವು ಸೋತುಬಿಟ್ಟೆವು" ಎಂದ. 'ನಾವು' ಎಂದರೆ ಟೊರೊಂಟೊದ ಬೇಸ್‌ಬಾಲ್ ತಂಡವೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಲೆಟ್ಟಿಯ ಅಡಿಕೆ ತೋಟಗಳ ನಡುವೆ ತೆಂಗಿನ ಕೊತ್ತಳಿಗೆಯ ಬ್ಯಾಟು ಹಿಡಿದು ಬೆಳೆದ ಹುಡುಗ, ಏಳನೆಯ ಪಂದ್ಯದ ಹನ್ನೊಂದನೆಯ ಇನಿಂಗ್ಸ್‌ನಲ್ಲಿ 5-4ರಿಂದ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ತನ್ನ ಊರು ಸೋತಿತೆಂದು ನಿದ್ದೆಗೆಟ್ಟು ಕುಳಿತಿದ್ದ.

ಅಮೆರಿಕದವರು ಆ ಪಂದ್ಯಾವಳಿಯನ್ನು 'ವರ್ಲ್ಡ್ ಸೀರೀಸ್' ಎಂದು ಕರೆಯುತ್ತಾರೆ. 1903ರಲ್ಲಿ ಆರಂಭವಾದ ಈ 'ವಿಶ್ವ' ಸರಣಿಯನ್ನು ತಲುಪಲು ಇಂದು ಸೆಣಸುವ ತಂಡಗಳು 30. ಅವುಗಳಲ್ಲಿ 29 ಅಮೆರಿಕದವು, ಉಳಿದ ಒಂದು ಟೊರೊಂಟೊದ್ದು. "ಇದೆಂಥ ವಿಶ್ವವಯ್ಯಾ?" ಎಂದು ನಾನು ನಕ್ಕೆ. ಅವನು ನಗಲಿಲ್ಲ. "ಸರ್, ನಮ್ಮನ್ನು ಸೋಲಿಸಿದವನು ಜಪಾನಿನವನು" ಎಂದ. ಯೋಶಿನೊಬು ಯಮಾಮೊಟೊ ಎಂಬ ಆ ಚೆಂಡೆಸೆತಗಾರ ಸರಣಿಯ ಮೂರು ಪಂದ್ಯಗಳನ್ನು ಗೆದ್ದುಕೊಟ್ಟನಂತೆ. ಆರನೆಯ ಪಂದ್ಯದಲ್ಲಿ ಆರು ಇನಿಂಗ್ಸ್ ಎಸೆದು, ಮಾರನೆಯ ದಿನವೇ ಮತ್ತೆ ಕಣಕ್ಕಿಳಿದು ಕೊನೆಯ ಪಂದ್ಯವನ್ನೂ ಮುಗಿಸಿದನಂತೆ.

ಅಮೆರಿಕದ ಆಟದಲ್ಲಿ ಜಪಾನಿನವನು ನಾಯಕನಾದುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಕೆಲವು ದಿನ ಓದಿದೆ. ದೊರೆತ ಉತ್ತರವು ಒಬ್ಬ ನಿವೃತ್ತ ಶಿಕ್ಷಕನಿಗೆ ಹೆಮ್ಮೆಯನ್ನೂ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯನ್ನೂ ತರುವಂಥದು.

ಜಪಾನಿಗೆ ಬೇಸ್‌ಬಾಲನ್ನು ಒಯ್ದ ಕೀರ್ತಿ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಅಧ್ಯಾಪಕನದು. ಟೋಕಿಯೊದಲ್ಲಿ ಪಾಠ ಹೇಳುತ್ತಿದ್ದ ಆತ 1872ರಲ್ಲಿ ತನ್ನ ವಿದ್ಯಾರ್ಥಿಗಳನ್ನು ಕೊಠಡಿಯಿಂದ ಹೊರಗೆ ಕರೆತಂದು ಆಟ ಕಲಿಸಿದ. 1915ರಲ್ಲಿ ಅಲ್ಲಿ ಪ್ರೌಢಶಾಲೆಗಳ ರಾಷ್ಟ್ರೀಯ ಪಂದ್ಯಾವಳಿ ಆರಂಭವಾಯಿತು. ಮುಂದೆ ಅದು ನಡೆಯುವ ಕ್ರೀಡಾಂಗಣದ ಹೆಸರಿನಿಂದ 'ಕೋಶಿಯೆನ್' ಎಂದೇ ಪ್ರಸಿದ್ಧವಾಯಿತು. ಇಂದು ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ಜಿಲ್ಲಾ ಮಟ್ಟದಲ್ಲಿ ಆಡಿ, ಕೊನೆಗೆ 49 ಶಾಲೆಗಳು ಅಲ್ಲಿಗೆ ತಲುಪುತ್ತವೆ. ಸೋತ ಹುಡುಗರು ಆ ಅಂಗಳದ ಮಣ್ಣನ್ನು ಒಂದಿಷ್ಟು ಗೋರಿಕೊಂಡು ಊರಿಗೆ ಒಯ್ಯುವ ಸಂಪ್ರದಾಯವುಂಟು. 2018ರಲ್ಲಿ ಅಕಿತಾ ಪ್ರಾಂತ್ಯದ ಕನಾಶಿ ಕೃಷಿ ಪ್ರೌಢಶಾಲೆಯು ಅಂತಿಮ ಪಂದ್ಯದವರೆಗೆ ಬಂತು. ಬೇಸಾಯ, ಪಶುಪಾಲನೆ ಕಲಿಯುವ ಹಳ್ಳಿಯ ಮಕ್ಕಳು. ಸೋತರು, ಆದರೂ ದೇಶವೆಲ್ಲ ಅವರನ್ನು ಕೊಂಡಾಡಿತು. 2025ರ ಆಗಸ್ಟ್‌ನಲ್ಲಿ ಗೆದ್ದುದು ಒಕಿನಾವಾ ದ್ವೀಪದ ಒಂದು ಶಾಲೆ. ಯಮಾಮೊಟೊ ತನ್ನ ಶಾಲಾ ದಿನಗಳಲ್ಲಿ ಕೋಶಿಯೆನ್‌ವರೆಗೆ ತಲುಪಲೇ ಇಲ್ಲವಂತೆ. ಅಲ್ಲಿಗೆ ತಲುಪಲಾಗದ ಹುಡುಗನೂ ವಿಶ್ವದ ಮುಂಚೂಣಿಗೆ ಬರಬಹುದಾದರೆ, ಆ ದೇಶದ ಶಾಲೆಗಳಲ್ಲಿ ಆಟದ ಬೇರು ಎಷ್ಟು ಆಳಕ್ಕಿಳಿದಿರಬೇಕು!

ಈಗ ನಮ್ಮ ಮನೆಗೆ ಬರೋಣ. ಅದೇ 2025ನೆಯ ಇಸವಿ ನಮ್ಮ ದೇಶೀಯ ಆಟಗಳ ಪಾಲಿಗೂ ದೊಡ್ಡ ವರ್ಷವೇ. ಜನವರಿಯಲ್ಲಿ ದೆಹಲಿಯಲ್ಲಿ ಮೊತ್ತಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಅಂತಿಮ ಪಂದ್ಯಗಳಲ್ಲಿ ನೇಪಾಳವನ್ನು ಭಾರತದ ಮಹಿಳೆಯರು 78-40ರಿಂದಲೂ ಪುರುಷರು 54-36ರಿಂದಲೂ ಸೋಲಿಸಿದರು. ಮಾರ್ಚ್‌ನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಕಬಡ್ಡಿಯ ವಿಶ್ವಕಪ್. ಅಲ್ಲಿಯೂ ಎರಡೂ ವಿಭಾಗಗಳಲ್ಲಿ ನಾವೇ. ನವೆಂಬರ್‌ನಲ್ಲಿ ಢಾಕಾದಲ್ಲಿ ಮಹಿಳೆಯರ ಕಬಡ್ಡಿ ವಿಶ್ವಕಪ್. ಚೈನೀಸ್ ತೈಪೆಯನ್ನು 35-28ರಿಂದ ಮಣಿಸಿದ ತಂಡದಲ್ಲಿ ನಮ್ಮ ಸುರತ್ಕಲ್ ಕಡೆಯ ಧನಲಕ್ಷ್ಮಿ ಪೂಜಾರಿಯವರೂ ಇದ್ದರು. ಇದಕ್ಕೂ ಹಿಂದೆ, 2012ರಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದಾಗ ತಂಡದ ನಾಯಕಿಯಾಗಿದ್ದವರು ಕಾರ್ಕಳ ಕಡೆಯ ಹೆರ್ಮುಂಡೆಯ ಮಮತಾ ಪೂಜಾರಿ. ಕರಾವಳಿಯವರಾದ ನಾವು ಎದೆಯುಬ್ಬಿಸಿಕೊಳ್ಳಲು ಇಷ್ಟು ಸಾಕು.

ಎದೆಯುಬ್ಬಿಸಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. "ನಮ್ಮ ಆಟಗಳು ವಿಶ್ವಮಟ್ಟಕ್ಕೇರಿದವು, ಇನ್ನು ಅವುಗಳಿಗೆ ಅಳಿವಿಲ್ಲ" ಎಂಬ ಮಾತಿಗೆ ಮಾತ್ರ ನನ್ನ ಆಕ್ಷೇಪ. ಈ ಮಾತು ಸುಳ್ಳು. ಮನೆಯ ಹೆಂಚು ಬದಲಿಸಿ, ಪಂಚಾಂಗಕ್ಕೆ ಗೆದ್ದಲು ಹತ್ತಿದ್ದನ್ನು ಕಾಣದವನ ಮಾತು.

ಖೋ ಖೋ ವಿಶ್ವಕಪ್ ಮುಗಿದ ಮೇಲೆ ನಮ್ಮ ರಾಜ್ಯದಲ್ಲಿ ಏನು ನಡೆಯಿತೆಂಬುದನ್ನು ನೆನಪಿಸಿಕೊಳ್ಳಿ. ಗೆದ್ದ ತಂಡಗಳಲ್ಲಿದ್ದ ಕರ್ನಾಟಕದ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ಅವರಿಗೆ ಸರಕಾರವು ತಲಾ 5 ಲಕ್ಷ ರೂಪಾಯಿ ಘೋಷಿಸಿತು. ನೆರೆಯ ಮಹಾರಾಷ್ಟ್ರದಲ್ಲಿ 2.25 ಕೋಟಿ ರೂಪಾಯಿಯೂ ಸರಕಾರಿ ನೌಕರಿಯೂ ದೊರೆಯುತ್ತಿರುವಾಗ ಇದು ನ್ಯಾಯವೇ ಎಂದು ಕೇಳಿ ಅವರಿಬ್ಬರೂ ಆ ಮೊತ್ತವನ್ನು ನಿರಾಕರಿಸಿದರು. ಅವರ ನೋವು ನ್ಯಾಯವಾದುದೇ. ಆದರೆ ಬಳಿಕ ನಡೆದ ಚರ್ಚೆಯೆಲ್ಲ ಲಕ್ಷ ಕೋಟಿಗಳ ಸುತ್ತಲೇ ಗಿರಕಿ ಹೊಡೆಯಿತು. ಚೈತ್ರಾ ತಿ. ನರಸೀಪುರ ತಾಲೂಕಿನ ಕುರುಬೂರು ಎಂಬ ಹಳ್ಳಿಯವರು. ಅಂಥ ಹಳ್ಳಿಯ ಮಗುವಿಗೆ ಶಾಲೆಯಲ್ಲಿ ಆಟ ಕಲಿಸುವವರು ಯಾರು, ಅಂಥವರು ಇಂದು ಎಷ್ಟು ಹಳ್ಳಿಶಾಲೆಗಳಲ್ಲಿ ಉಳಿದಿದ್ದಾರೆ ಎಂದು ಕೇಳಿದವರನ್ನು ನಾನು ಕಾಣೆ. ಫಲಕ್ಕೆ ಬೆಲೆ ಕಟ್ಟುವುದರಲ್ಲಿ ನಾವು ನಿಸ್ಸೀಮರು. ಬುಡಕ್ಕೆ ನೀರು ಹಾಕುವವನ ಸುದ್ದಿ ನಮಗೆ ಬೇಡ.

ಕಾನೂನಿನ ಮಾತಿಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು ಬರೆದಿದೆ. ಸಂತೋಷ. ಅದೇ ಅನುಸೂಚಿಯಲ್ಲಿ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಬೋಧಕರು, ಅದೂ ಅರೆಕಾಲಿಕ, ಎಂದೂ ಬರೆದಿದೆ. ಸುಳ್ಯ, ಕಡಬ, ಪುತ್ತೂರಿನ ಗುಡ್ಡಗಾಡಿನಲ್ಲಿ ಮನೆಯಿಂದ ಮನೆಗೆ ತೋಟ ದಾಟಿ ಹೋಗಬೇಕಾದ ಊರುಗಳಿವೆ. ಇಲ್ಲಿನ ಎಷ್ಟು ಶಾಲೆಗಳ ಮೂರು ತರಗತಿಗಳಲ್ಲಿ ನೂರು ಮಕ್ಕಳಿದ್ದಾರೆ? ಅಂದರೆ, ದೊಡ್ಡ ಊರಿನ ಮಗುವಿಗೆ ಆಟ ಶಿಕ್ಷಣ, ಸಣ್ಣ ಊರಿನ ಮಗುವಿಗೆ ಅದು ದುಂದುವೆಚ್ಚ! ಇನ್ನು ಇರುವ ದೈಹಿಕ ಶಿಕ್ಷಣ ಶಿಕ್ಷಕರ ಪಾಡು: ತಮ್ಮನ್ನು ಸಹಶಿಕ್ಷಕರೆಂದು ಪರಿಗಣಿಸಿರೆಂದೂ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೆ ತನ್ನಿರೆಂದೂ ಅವರು ವರ್ಷಗಟ್ಟಲೆ ಮನವಿ ಬರೆದು ಬರೆದು ದಣಿದಿದ್ದಾರೆ.

ಸರಕಾರವನ್ನು ಬಯ್ದು ಲೇಖನ ಮುಗಿಸುವುದು ಸುಲಭ. ಆದರೆ ಆಟದ ಪೀರಿಯಡನ್ನು ಕದ್ದವರಲ್ಲಿ ಮೊದಲಿಗರು ಸರಕಾರದವರಲ್ಲ, ನಾವು ಶಿಕ್ಷಕರು. ನಾನು ಕದ್ದಿದ್ದೇನೆ. ಗಣಿತದ ಅಧ್ಯಾಪಕನಾಗಿದ್ದ ನಾನು ಡಿಸೆಂಬರ್ ಬಂತೆಂದರೆ ಹತ್ತನೆಯ ತರಗತಿಯ ಆಟದ ಅವಧಿಗಳನ್ನೆಲ್ಲ ಹಕ್ಕಿನಿಂದೆಂಬಂತೆ ಪಡೆದುಕೊಳ್ಳುತ್ತಿದ್ದೆ. "ಪೋರ್ಶನ್ ಮುಗಿದಿಲ್ಲ" ಎಂಬ ಒಂದೇ ಮಾತಿಗೆ ದೈಹಿಕ ಶಿಕ್ಷಕರು ಸುಮ್ಮನಾಗುತ್ತಿದ್ದರು. 625 ಅಂಕಗಳ ಲೆಕ್ಕದಲ್ಲಿ ಅವರ ವಿಷಯಕ್ಕೆ ಒಂದು ಅಂಕವೂ ಇರಲಿಲ್ಲ. ಅವರು ಯಾವ ಬಲದಿಂದ ವಾದಿಸಿಯಾರು?

ಒಬ್ಬ ಹುಡುಗನಿದ್ದ. ಗಣಿತದಲ್ಲಿ ಕಷ್ಟದಿಂದ ತೇರ್ಗಡೆಯಾಗುವವನು, ಕಬಡ್ಡಿಯಲ್ಲಿ ಮಿಂಚು. ಎದುರು ಅಂಕಣಕ್ಕೆ ಹೋದನೆಂದರೆ ಅವನ ಕಾಲು ಎಲ್ಲಿಂದ ಬರುತ್ತದೆಂದು ಹಿಡಿಯುವವರಿಗೆ ತಿಳಿಯುತ್ತಿರಲಿಲ್ಲ. ಒಂದು ವರ್ಷ ತಾಲೂಕು ಪಂದ್ಯದ ದಿನವೇ ನಾನೊಂದು ಕಿರುಪರೀಕ್ಷೆ ಇಟ್ಟಿದ್ದೆ. ಅವನು ಬಂದು ಬಾಗಿಲಲ್ಲಿ ನಿಂತು ಕೇಳಿದ. ನಾನು ಬಿಡಲಿಲ್ಲ. ಮೂವತ್ತು ವರ್ಷಗಳ ಬಳಿಕ, ಈಗ ರಬ್ಬರ್ ತೋಟ ನೋಡಿಕೊಂಡು ಚೆನ್ನಾಗಿಯೇ ಇರುವ ಅವನು ಮದುವೆಯೊಂದರಲ್ಲಿ ಸಿಕ್ಕಿದ. ಪ್ರೀತಿಯಿಂದಲೇ ಮಾತನಾಡಿಸಿದ. ಊಟಕ್ಕೆ ಕುಳಿತಾಗ ಹೇಳಿದ: "ಸರ್, ಆ ದಿನ ನಮ್ಮವರು ಎರಡು ಪಾಯಿಂಟಿನಿಂದ ಸೋತರು." ಪರೀಕ್ಷೆಯಲ್ಲಿ ಅವನಿಗೆ ಎಷ್ಟು ಅಂಕ ಬಂದಿತ್ತೆಂದು ನನಗೆ ನೆನಪಿಲ್ಲ. ಕೇಳಿದೆ, ಅವನಿಗೂ ನೆನಪಿರಲಿಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಮೊದಲನೆಯದು: "ಮಕ್ಕಳೇ ಮೊಬೈಲ್ ಹಿಡಿದು ಕುಳಿತಿದ್ದಾರೆ, ಆಡುವವರಾರು?" ಕುಟ್ಟಿದೊಣ್ಣೆ, ಲಗೋರಿ ಆಡುತ್ತಿದ್ದ ಅಂಗಳಗಳಿಗೆ ಗೇಟು ಹಾಕಿ, ಶಾಲೆಯಲ್ಲಿ ಆಟದ ಅವಧಿ ಕಿತ್ತುಕೊಂಡು, ಸಂಜೆ ಟ್ಯೂಶನ್ನಿಗೆ ಅಟ್ಟಿದವರು ಯಾರು? ಮಗುವಿನ ಕೈಯಲ್ಲಿ ಮೊಬೈಲ್ ಉಳಿದುದು ನಾವು ಬೇರೆಲ್ಲವನ್ನೂ ಕಸಿದುಕೊಂಡ ಮೇಲೆ.

ಎರಡನೆಯದು: "2014ರಲ್ಲಿ ಪ್ರೊ ಕಬಡ್ಡಿ ಬಂತು, ಆಟಕ್ಕೆ ಹಣ ಬಂತು, ಇನ್ನೇನು ಬೇಕು?" ಹಣ ಬಂದುದು ಒಳ್ಳೆಯದೇ. ಆದರೆ ಲೀಗ್ ಬಂದು ನಾಲ್ಕು ವರ್ಷಗಳ ಬಳಿಕ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಪುರುಷರು ಸೆಮಿಫೈನಲ್‌ನಲ್ಲಿ, ಮಹಿಳೆಯರು ಫೈನಲ್‌ನಲ್ಲಿ ಇರಾನಿಗೆ ಸೋತರು. ಇರಾನಿನ ಮಹಿಳೆಯರನ್ನು ತಯಾರು ಮಾಡಿದವರು ಮಹಾರಾಷ್ಟ್ರದ ಶೈಲಜಾ ಜೈನ್. ಜಪಾನಿಗೆ ವಿಲ್ಸನ್, ಇರಾನಿಗೆ ಶೈಲಜಾ! ಆಟವು ಬೇರೂರುವುದು ಕಲಿಸುವವರಿದ್ದಲ್ಲಿ. ಹಣದ ಮಾತು ಆ ಮೇಲಿನದು.

ಮೂರನೆಯದು: "ಜಪಾನಿನ ಶಾಲಾ ಆಟದಲ್ಲಿ ಕೆಡುಕಿಲ್ಲವೇ?" ಖಂಡಿತ ಇದೆ. ಕನಾಶಿ ಶಾಲೆಯ ಎಸೆತಗಾರ ಹುಡುಗನು 2018ರ ಆ ಒಂದೇ ಪಂದ್ಯಾವಳಿಯಲ್ಲಿ 881 ಎಸೆತಗಳನ್ನು ಎಸೆದ. ಇಂಥ ಕ್ರೌರ್ಯಕ್ಕೆ ಟೀಕೆ ಬಂದ ಮೇಲೆ 2020ರಿಂದ ವಾರಕ್ಕೆ 500 ಎಸೆತಗಳ ಮಿತಿ ಬಂತು. 2025ರಲ್ಲಿ ಹಿರೋಷಿಮಾದ ಶಾಲೆಯೊಂದು ಕಿರಿಯ ಆಟಗಾರನ ಮೇಲಿನ ಹಿಂಸೆಯ ಪ್ರಕರಣ ಬಯಲಾಗಿ ಪಂದ್ಯಾವಳಿಯ ನಡುವಿನಿಂದಲೇ ಹಿಂದೆ ಸರಿಯಿತು. ಅತಿಯಾದರೆ ಅಮೃತವೂ ವಿಷ. ಆದರೆ ಅವರದು ಅಜೀರ್ಣದ ಕಾಯಿಲೆ, ನಮ್ಮದು ಉಪವಾಸದ್ದು. ಉಪವಾಸವಿದ್ದವನು ಅಜೀರ್ಣದ ಭಯದಿಂದ ಊಟ ಬಿಡುವುದುಂಟೇ?

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆಗಳು ಮೂರೇ. ಒಂದು, ವೇಳಾಪಟ್ಟಿಯಲ್ಲಿ ಬರೆದ ಆಟದ ಅವಧಿಯನ್ನು ಯಾವ ವಿಷಯದ ಅಧ್ಯಾಪಕರೂ, ಯಾವ ತಿಂಗಳಲ್ಲೂ, ಹತ್ತನೆಯ ತರಗತಿಯಲ್ಲೂ ಮುಟ್ಟಬಾರದು. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಮುಖ್ಯೋಪಾಧ್ಯಾಯರ ಗಟ್ಟಿ ಮನಸ್ಸು ಸಾಕು. ಎರಡು, ನೂರು ಮಕ್ಕಳ ಲೆಕ್ಕವನ್ನು ಕೈಬಿಟ್ಟು, ನೆರೆಹೊರೆಯ ಮೂರು ನಾಲ್ಕು ಸಣ್ಣ ಶಾಲೆಗಳಿಗೆ ಸೇರಿ ಒಬ್ಬ ಪೂರ್ಣಾವಧಿ ದೈಹಿಕ ಶಿಕ್ಷಕರನ್ನು ಕೊಡಬೇಕು.

ಮೂರನೆಯದು ನಮ್ಮ ಊರಿನ ಯುವಕ ಮಂಡಲಗಳಿಗೆ, ಸಂಘಗಳಿಗೆ. ಮಳೆ ನಿಂತು ಗದ್ದೆ ಒಣಗಿತೆಂದರೆ ಈ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಸುಗ್ಗಿ. ಮ್ಯಾಟು ಹಾಸುತ್ತೀರಿ, ದೀಪ ಕಟ್ಟುತ್ತೀರಿ, ದೂರದ ಊರುಗಳಿಂದ ಹೆಸರಾಂತ ಆಟಗಾರರನ್ನು ಕರೆಸುತ್ತೀರಿ. ನಮ್ಮ ಮಕ್ಕಳು ಕುರ್ಚಿಯಲ್ಲಿ ಕುಳಿತು ಅದನ್ನು ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗುತ್ತಾರೆ. ಅದೇ ಮ್ಯಾಟನ್ನು ಅದೇ ದಿನ ಬೆಳಗ್ಗೆ ಹಾಸಿ, ಸುತ್ತಲಿನ ಶಾಲೆಗಳ ಮಕ್ಕಳಿಗೆ ಆಡಲು ಬಿಡಿ. ಕಪ್ ಕೊಡದಿದ್ದರೂ ಚಿಂತೆಯಿಲ್ಲ, ಅವಲಕ್ಕಿ ಚಹಾ ಕೊಡಿ.

ಟೊರೊಂಟೊದ ನನ್ನ ಶಿಷ್ಯ ಆ ದಿನ ಫೋನಿಡುವ ಮುನ್ನ, "ಸರ್, ನಮ್ಮ ಶಾಲೆಯ ಗ್ರೌಂಡಿನಲ್ಲಿ ಈಗಲೂ ಮಕ್ಕಳು ಆಡುತ್ತಾರಾ?" ಎಂದು ಕೇಳಿದ. "ನೋಡಿ ಹೇಳುತ್ತೇನೆ" ಎಂದಿದ್ದೆ. ಆ ವಾರ ನಡುವಿನ ಒಂದು ಅಪರಾಹ್ನ, ಹಿಂದೆಲ್ಲ ಆಟದ ಗಂಟೆ ಬಾರಿಸುತ್ತಿದ್ದ ಹೊತ್ತಿಗೆ ಅತ್ತ ನಡೆದುಹೋದೆ. ಮೈದಾನದಲ್ಲಿ ಮಳೆಗಾಲದ ಹುಲ್ಲು ಮೊಣಕಾಲೆತ್ತರಕ್ಕೆ ಬೆಳೆದಿತ್ತು, ಎರಡು ದನಗಳು ಮೇಯುತ್ತಿದ್ದವು. ಒಳಗಿನಿಂದ ಮಕ್ಕಳು ಒಟ್ಟಾಗಿ ಸೂತ್ರ ಬಾಯಿಪಾಠ ಮಾಡುವ ಸದ್ದು ಕೇಳುತ್ತಿತ್ತು. ಅದು ಗಣಿತದ ಸೂತ್ರ. ಶಿಷ್ಯನಿಗೆ ನಾನು ಇನ್ನೂ ಉತ್ತರಿಸಿಲ್ಲ.

ಓದುಗ ಮಿತ್ರರೇ, ನಾಳೆ ನಿಮ್ಮೂರಿನ ಶಾಲೆಯ ಮುಂದೆ ಹಾದುಹೋಗುವಾಗ ನೀವೂ ಒಂದು ಗಳಿಗೆ ನಿಲ್ಲಿ. ವೇಳಾಪಟ್ಟಿಯಲ್ಲಿ ಆಟವಿರುವ ಹೊತ್ತಿಗೆ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿ. ಕೊಠಡಿಯೊಳಗಿದ್ದರೆ ಒಳಗೆ ಹೋಗಿ ವಿನಯದಿಂದಲೇ ಕೇಳಿ, ಯಾಕೆ ಎಂದು. ನನ್ನ ಕಾಲದಲ್ಲಿ ಯಾರಾದರೊಬ್ಬರು ಬಂದು ನನ್ನನ್ನು ಹಾಗೆ ಕೇಳಬೇಕಾಗಿತ್ತು.