ಕಬಿನಿ ಗೇಟು ಎತ್ತುವ ಮೊದಲು ಈ ಹೊಂಡಗಳು ಬತ್ತಲಿ!

ತಲಕಾಡು, ಹೆಮ್ಮಿಗೆ, ಮಾಲಂಗಿ, ತಿರುಮಕೂಡಲು, ನಂಜನಗೂಡು ಸೀಮೆಯ ಬಂಧುಗಳೇ,

ಮೊನ್ನೆ ತಲಕಾಡಿನ ಹೊಳೆಯಲ್ಲಿ ಬಲೆ ಎಳೆದಾಗ ಬಂದದ್ದು ಗೆಂಡೆಯಲ್ಲ, ಕೊರವನಲ್ಲ. ಎಂಟು ಮೀಸೆಯ ಆಫ್ರಿಕನ್ ಕ್ಯಾಟ್‌ಫಿಶ್! ಕೇಂದ್ರ ಸರ್ಕಾರ 2000ದಲ್ಲೇ ಸಾಕಬೇಡಿ ಎಂದು ನಿಷೇಧಿಸಿದ ಮೀನು. 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಇದರ ವಿರುದ್ಧ ಆದೇಶ ಕೊಟ್ಟಿತು. ಆದೇಶ ಕಡತದಲ್ಲಿದೆ, ಮೀನು ನಮ್ಮ ಹೊಳೆಯಲ್ಲಿದೆ.

ಇದನ್ನು ಸಾಕುವ ಹೊಂಡ ನೋಡಿದ್ದೀರಾ? ಮೂಗು ಮುಚ್ಚಿಕೊಂಡಾದರೂ ಒಮ್ಮೆ ನೋಡಿ. ಈ ಮೀನು ನೀರಿನಿಂದ ತಲೆಯೆತ್ತಿ ಗಾಳಿ ಕುಡಿಯಬಲ್ಲದು. ಆ ಒಂದೇ ತಪ್ಪಿಗೆ ಅದಕ್ಕೆ ಕೊಳಚೆಯೇ ಗತಿ. ಬೇರೆ ಮೀನಾದರೆ ಸತ್ತು ತೇಲುವಷ್ಟು ಕೊಳೆತ ನೀರು, ಒಂದರ ಮೇಲೊಂದು ಹೊರಳುವ ಮೈಗಳು, ಮೇಲಿಂದ ಸುರಿಯುವ ಕೋಳಿ ಅಂಗಡಿಯ ಕರುಳು. ಹಸಿವಾದರೆ ದೊಡ್ಡದು ಚಿಕ್ಕದನ್ನು ತಿನ್ನುತ್ತದೆ. ಸಂತೆಯಲ್ಲಿ ನೀರಿಲ್ಲದ ಟಬ್ಬಿನಲ್ಲಿ ಗಂಟೆಗಟ್ಟಲೆ ಒದ್ದಾಡುತ್ತದೆ. ಕೊಳ್ಳುವವರು "ತಾಜಾ ಇದೆ" ಎಂದು ಮೆಚ್ಚುತ್ತಾರೆ!

"ಮೀನಿಗೇನು ನೋವು ಸ್ವಾಮಿ?" ಎನ್ನುವ ಪಂಡಿತರಿದ್ದಾರೆ. ಬಹುಶಃ ಮೀನು ಅವರ ಕಿವಿಯಲ್ಲಿ ಹಾಗೆಂದು ಹೇಳಿರಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಮಿಕ್ಕ ಜೀವಿಯೆಲ್ಲ ಪ್ರಾಣಿಯೇ. ಅಮೆರಿಕದ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ಆಕ್ಟೋಪಸ್ ಸಾಕಣೆಗೆ ನಿಷೇಧ ಹಾಕಿದವು, ಅಲ್ಲಿ ಒಂದು ಫಾರಂ ಕೂಡ ಏಳುವ ಮೊದಲೇ! ನಮ್ಮಲ್ಲಿ ನಿಷೇಧಕ್ಕೆ ಕಾಲು ಶತಮಾನ ದಾಟಿದೆ, ಹೊಂಡ ತುಂಬಿಯೇ ಇದೆ.

ಇನ್ನು ಹೊಳೆಯ ಪಾಡು. 2019ರ ಆಗಸ್ಟಿನಲ್ಲಿ ಕಬಿನಿ, ಅಂದರೆ ನಮ್ಮ ಕಪಿಲೆ, ನಂಜನಗೂಡಿನ ಬೀದಿಗೆ ನುಗ್ಗಿದ್ದು ಮರೆತಿರಾ? ಅಂಥ ನೀರಿಗೆ ದಂಡೆಯ ಹೊಂಡದ ಬದು ಯಾವ ಲೆಕ್ಕ! ಹೊಂಡ ಉಕ್ಕಿದರೆ ಮೀನು ಕಪಿಲೆಗೆ, ಕಪಿಲೆಯಿಂದ ತಿರುಮಕೂಡಲಿಗೆ, ಕೂಡಲಿನಿಂದ ತಲಕಾಡಿಗೆ. ಬಂದದ್ದು ಸುಮ್ಮನಿರುವುದಿಲ್ಲ. ನಾಡಮೀನಿನ ಮೊಟ್ಟೆ, ಮರಿ, ಕಪ್ಪೆ, ಸಿಕ್ಕಿದ್ದೆಲ್ಲ ಸ್ವಾಹಾ. ಕಾವೇರಿ ಕೊಳ್ಳ ಬಿಟ್ಟರೆ ಪ್ರಪಂಚದಲ್ಲೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಲ್ಲೇ ತೀವ್ರ ಅಳಿವಿನಂಚಿನ ಪಟ್ಟಿ ಸೇರಿದೆ. ಅಣೆಕಟ್ಟು, ಮರಳು ಲೂಟಿ, ಸಿಡಿಮದ್ದು ಸಾಲದೆಂದು ಅದಕ್ಕೆ ಈ ಹೊಸ ನೆಂಟನೂ ಬೇಕಿತ್ತೇ? ತಲಕಾಡಿನ ಮರಳಿಗೆ ಅಲಮೇಲಮ್ಮನ ಶಾಪ ಎನ್ನುತ್ತೇವೆ. ಈ ಮೀನಿಗೆ ಯಾರ ಶಾಪವೂ ಇಲ್ಲ; ದುಡ್ಡು ಕೊಟ್ಟು ಮರಿ ತಂದವರು ನಾವೇ.

"ರೈತನ ಹೊಟ್ಟೆಗೆ ಹೊಡೀತೀರಾ?" ಎಂದು ಕೂಗುವ ದಲ್ಲಾಳಿಗಳೇ, ಬಲೆ ನಂಬಿದ ಬೆಸ್ತರಿಗೆ ಹೊಟ್ಟೆಯಿಲ್ಲವೇ? ಕಾವೇರಮ್ಮನಿಗೆ ಆರತಿ ಎತ್ತುವ ಮಹನೀಯರೇ, ತಿರುಮಕೂಡಲಿನ ಕುಂಭಮೇಳದಲ್ಲಿ ಮುಳುಗೆದ್ದಿರಿ, ಸಂತೋಷ. ಆ ನೀರಿಗೆ ಕೋಳಿಕರುಳು ಸೇರುವಾಗ ಎಲ್ಲಿದ್ದಿರಿ? ತಮಿಳುನಾಡಿಗೆ ನೀರು ಬಿಟ್ಟರೆಂದು ಹೆದ್ದಾರಿ ತಡೆಯುವ ವೀರರು ಈ ಹೊಂಡದ ದಾರಿಗೆ ಒಂದು ಮುಳ್ಳುಕಂಟಿಯನ್ನೂ ಅಡ್ಡ ಹಾಕಲಿಲ್ಲ.

ಮೀನು ತಿನ್ನಬೇಡಿ ಎಂದು ನಾವು ಹೇಳುತ್ತಿಲ್ಲ. ತಿನ್ನಿ, ಹೊಳೆಮೀನು ತಿನ್ನಿ. ಮೀಸೆಮೀನು ಕಂಡರೆ ಎಲ್ಲಿಂದ ಬಂತೆಂದು ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿ. ಮೀನುಗಾರಿಕೆ ಇಲಾಖೆಯವರು ಈ ಸಲವಾದರೂ ಜೀಪಿನಿಂದ ಕೆಳಗಿಳಿಯಲಿ.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ. ಮಳೆ ಹಿಡಿಯಲು ಹೆಚ್ಚು ದಿನ ಉಳಿದಿಲ್ಲ.